ಬಾಗಿಲನ್ನೂ ನಂಬದ ನನ್ನ ಷಡ್ಡಕ

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು! ಇದನ್ನು ಮೊದಲು ಬರೆದುಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ ಅವಳ ಫೋನಿಗೆ ಕಾಗದ ಬಂತು. ಕಡಲ ದಡದಲ್ಲಿರುವ ಅಣುವಿದ್ಯುತ್ ಕಾರ್ಖಾನೆಯ ಬೆಂಕಿ ಕಾಯುವ ದಳಕ್ಕೆ ಅವಳನ್ನು ತೆಗೆದುಕೊಂಡಿದ್ದಾರೆ. ನಮ್ಮ ಮಸಿನಗುಡಿಯ ಹುಡುಗಿ, ನನ್ನ ಮಗನ ಮಗಳು, ನೀರಿನ ಪೈಪನ್ನು ಹೆಗಲ ಮೇಲೆ ಹೊತ್ತು ಓಡಿ ತೋರಿಸಿ, ಗಂಡು ಹುಡುಗರ ಸಮಕ್ಕೆ ಹಗ್ಗ ಹತ್ತಿ ಗೆದ್ದಿದ್ದಾಳೆ. ಆ ಫೋನನ್ನು ಅವಳ ಕೈಯಿಂದ ಕಿತ್ತುಕೊಂಡು ಅಂಗಡಿ ಬೀದಿಯುದ್ದಕ್ಕೂ ತೋರಿಸುತ್ತಾ ಹೋದೆ. ಕಾಗದ ಇಂಗ್ಲಿಷಿನಲ್ಲಿತ್ತು, ನನಗೆ ಓದಲು ಬಾರದು. ಅವಳ ಹೆಸರು ಇಲ್ಲಿದೆ ಎಂದು ಅವಳೇ ತೋರಿಸಿಕೊಟ್ಟ ಜಾಗಕ್ಕೆ ಬೆರಳಿಟ್ಟು ಎಲ್ಲರಿಗೂ ತೋರಿಸುತ್ತಿದ್ದೆ. ಟೀ ಅಂಗಡಿಯವನು, "ಇನ್ನೊಂದ್ಸಲ ಒತ್ತಿದ್ರೆ ಗಾಜು ತೂತಾಯ್ತದೆ ಯಜಮಾನ್ರೇ" ಅಂದ. ಆಗಲಿ ಬಿಡಿ!

ಈ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಾಗಿದ್ದವನು ಈಗಿಲ್ಲ. ಅವನಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಗುಂಡ್ಲುಪೇಟೆ ಕಡೆಯ ಅಜ್ಜಿ ಮನೆಯಲ್ಲಿದ್ದುಕೊಂಡು ನಾಲ್ಕನೇ ಕ್ಲಾಸಿನವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅವನ ಬಲಗೈಯ ಹಿಂಬದಿ ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ. ಅಲ್ಲಿ ಒಂದು ಕೂದಲೂ ಇರಲಿಲ್ಲ. ಗೆಣ್ಣುಗಳ ಮೇಲಿನ ಚರ್ಮ ಸವೆದು, ಕೂತು ಕೂತು ನುಣುಪಾದ ಹಲಗೆಯ ಹಾಗೆ ಹೊಳೆಯುತ್ತಿತ್ತು. ಯಾವ ಮುಚ್ಚಿದ ಬಾಗಿಲು ಕಂಡರೂ ಅವನು ಕೈ ಮಗುಚಿ, ಆ ಹಿಂಬದಿಯನ್ನು ಬಾಗಿಲಿಗೆ ಮುಟ್ಟಿಸಿ, ಒಂದು ಉಸಿರು ನಿಂತು, ಆಮೇಲೆ ಒಳಗೆ ಬರುತ್ತಿದ್ದ. ನಮ್ಮ ಮನೆಯ ಬಾಗಿಲಿಗೂ ಹಾಗೆಯೇ, ರೇಷನ್ ಅಂಗಡಿಯ ಬಾಗಿಲಿಗೂ ಹಾಗೆಯೇ, ಗುಡಿಯ ಬಾಗಿಲಿಗೂ ಹಾಗೆಯೇ. ಅದು ಕಡಲ ಸೀಮೆಯವರು ದೇವರಿಗೆ ಕೈಮುಗಿಯುವ ರೀತಿಯಿರಬೇಕು ಎಂದು ಪೂಜಾರಿ ಬಹಳ ದಿನ ತಿಳಿದುಕೊಂಡಿದ್ದರು.

ಅವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ನನಗಿಂತ ಎರಡು ವರ್ಷ ಚಿಕ್ಕವನು. ಮೂವತ್ತು ವರ್ಷ ಆ ಅಣುವಿದ್ಯುತ್ ಕಾರ್ಖಾನೆಯಲ್ಲಿ ಬೆಂಕಿ ಕಾಯುವ ಕೆಲಸದಲ್ಲಿದ್ದ. ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಅಲ್ಲೇ ತೀರಿಕೊಂಡಳು. ರಿಟೈರಾದ ಮೇಲೆ ಒಂದು ಟ್ರಂಕು, ಒಂದು ಟಾರ್ಚು ಹಿಡಿದುಕೊಂಡು ನಮ್ಮೂರಿಗೆ ಬಂದ. "ಅವಳು ಹುಟ್ಟಿದ ಊರಲ್ಲೇ ಇರ್ತೀನಿ ಅಣ್ಣಾ" ಅಂದ. ನಮ್ಮ ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಕೊಂಡ.

ನಿಜ ಹೇಳುತ್ತೇನೆ, ನನಗೆ ನಂಬಿಕೆ ಬರಲಿಲ್ಲ. ಪಟ್ಟಣದಲ್ಲಿ ಮನೆ, ಆಸ್ಪತ್ರೆ, ಪೆನ್ಷನ್ ಎಲ್ಲ ಇರುವವನು ಈ ಆನೆ ಓಡಾಡುವ ಊರಿಗೆ ಬಂದು ಹಿತ್ತಲಲ್ಲಿ ಯಾಕೆ ಮಲಗುತ್ತಾನೆ? ಏನೋ ಇದೆ ಅಂದುಕೊಂಡೆ. ನನ್ನ ಹೆಂಡತಿ ನನಗಿಂತ ಮುಂದೆ ಹೋದಳು. ಅಂಚು ಸೊಟ್ಟಾದ ಒಂದು ಸ್ಟೀಲ್ ಲೋಟವನ್ನು ಅವನಿಗೆಂದೇ ಬೇರೆ ಇಟ್ಟಳು.

"ತಂಗಿ ಗಂಡ ಕಣೇ" ಅಂದೆ.

"ಗೊತ್ತು. ಆ ಅಣು ಅನ್ನದು ಮೈಗೆ ಹತ್ಕಂಡ್ರೆ ಬುಡದೇ ಇಲ್ವಂತೆ. ಮನೇಲಿ ಮಕ್ಕಳವ್ರೆ. ನೀವು ಸುಮ್ಕಿರಿ."

ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ಒಪ್ಪಿಗೆಯೇ. ಅವನು ಕಾಫಿ ಕುಡಿದು, ಆ ಲೋಟವನ್ನು ತಾನೇ ತೊಳೆದು, ಮಿಕ್ಕ ಲೋಟಗಳಿಂದ ಒಂದು ಗೇಣು ದೂರ ಬೋರಲು ಹಾಕುತ್ತಿದ್ದ.

ಊರಿನವರ ಅನುಮಾನ ಬೇರೆ ಥರದ್ದು. ಅವನು ಗಂಟೆಗೊಂದು ಸಲ ಎದ್ದು ನಮ್ಮ ಬೀದಿಯನ್ನು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಪ್ರತಿ ಮನೆಯ ಮುಂದೆ ಮೂಗು ಮೇಲೆತ್ತಿ ಮೂಸುತ್ತಿದ್ದ. ಜೇಬಿನಿಂದ ಪುಸ್ತಕ ತೆಗೆದು ಏನೋ ಬರೆಯುತ್ತಿದ್ದ. ಆನೆಗಳ ದಾರಿ ಬಿಡಿಸಬೇಕು ಎಂದು ಸರ್ಕಾರದವರು ಬರುತ್ತಾರೆ, ಮನೆ ಅಳೆಯುತ್ತಾರೆ, ಜಾಗ ಹೋಗುತ್ತದೆ ಎಂಬ ಭಯ ನಮ್ಮ ಕಡೆ ಯಾವತ್ತೂ ಇದ್ದೇ ಇದೆ. ಹಾಗಿರುವಾಗ ಪುಸ್ತಕ ಹಿಡಿದು ಮನೆ ಮನೆ ನೋಡುವವನನ್ನು ಯಾರು ನಂಬುತ್ತಾರೆ? "ನಿಮ್ಮ ಷಡ್ಡಕ ಯಾರ ಕಡೆಯೋನು?" ಎಂದು ಹಾಲಿನ ಡೈರಿ ಹತ್ತಿರ ನನ್ನನ್ನೇ ಹಿಡಿದು ಕೇಳಿದರು. ಒಂದು ದಿನ ಅವನು ಸ್ನಾನಕ್ಕೆ ಹೋದಾಗ ನಾನು ಆ ಪುಸ್ತಕ ಕದ್ದು ನೋಡಿದೆ. ಗಂಟೆ, ಗಂಟೆಯ ಪಕ್ಕ ಒಂದು ಚಿಕ್ಕ ಸಹಿ. ಬೇರೇನೂ ಇಲ್ಲ. ಅದನ್ನು ನೋಡಿ ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಬರೆಯಲು ಏನೂ ಇಲ್ಲದಿದ್ದ ಮೇಲೆ ಯಾಕೆ ಬರೆಯುತ್ತಾನೆ?

ಇನ್ನೊಂದು ಕಾಟವಿತ್ತು. ಸೆಕೆಗಾಲದಲ್ಲಿ ನಮ್ಮ ಬೀದಿಯಲ್ಲಿ ಎಲ್ಲರೂ ಬಾಗಿಲಿಗೆ ಒಂದು ಕಲ್ಲು ಕೊಟ್ಟು ತೆಗೆದಿಡುತ್ತೇವೆ, ಗಾಳಿಗೆ. ಇವನು ಹೋಗುತ್ತಾ ಹೋಗುತ್ತಾ ಕಾಲಲ್ಲಿ ಆ ಕಲ್ಲುಗಳನ್ನು ಸರಿಸಿ ಬಾಗಿಲು ಮುಚ್ಚಿಬಿಡುತ್ತಿದ್ದ. "ಇವ್ನಿಗೆ ನಮ್ಮ ಗಾಳಿ ಮೇಲೂ ಕಣ್ಣು" ಎಂದು ಎದುರು ಮನೆಯಾಕೆ ಬೈದಳು. ಆಮೇಲೆ ತಿಳಿಯಿತು, ಅವನಿದ್ದ ಕಾರ್ಖಾನೆಯಲ್ಲಿ ಒಂದೊಂದು ಬಾಗಿಲೂ ಬೆಂಕಿ ತಡೆಯುವ ಬಾಗಿಲು. ಯಾರಾದರೂ ಓಡಾಡಲು ಸಸಾರವೆಂದು ಅದಕ್ಕೆ ಅಡ್ಡ ಕೊಟ್ಟರೆ ಒದ್ದು ತೆಗೆಯುವುದೇ ಅವನ ಕೆಲಸ. ಮೂವತ್ತು ವರ್ಷದ ಅಭ್ಯಾಸ, ಕಾಲು ಕೇಳುತ್ತಿರಲಿಲ್ಲ.

ನಾನೂ ಬೆಂಕಿ ಕಾದವನೇ. ವಯಸ್ಸಿದ್ದಾಗ ಬೇಸಿಗೆ ಬಂದರೆ ಕಾಡಿನಲ್ಲಿ ದಿನಗೂಲಿಗೆ ಬೆಂಕಿ ಕಾವಲು. ಹುಲ್ಲು ಕೆತ್ತಿ ಬೆಂಕಿ ದಾಟದಂತೆ ಗೆರೆ ಹೊಡೆಯುವುದು, ಗುಡ್ಡದ ಮೇಲೆ ಕೂತು ಹೊಗೆ ನೋಡುವುದು, ಹಸಿರು ಸೊಪ್ಪು ಮುರಿದುಕೊಂಡು ಓಡಿ ಬಡಿಯುವುದು. ಲಂಟಾನ ಪೊದೆ ಹತ್ತಿಕೊಂಡಾಗ ಬರುವ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಅದಕ್ಕೇ ಒಂದು ಸಂಜೆ ಜಗಲಿಯಲ್ಲಿ ಎಲ್ಲರೂ ಇದ್ದಾಗ ಅವನನ್ನು ಕೆಣಕಿದೆ.

"ಮೂವತ್ತು ವರ್ಸದಲ್ಲಿ ಎಷ್ಟು ಬೆಂಕಿ ಆರಿಸ್ದೆ ನೀನು?"

"ಒಂದೂ ಇಲ್ಲ ಅಣ್ಣಾ."

"ಒಂದೂ ಇಲ್ವಾ? ನೋಡಾದ್ರೂ ನೋಡಿದ್ದೀಯಾ?"

"ನೋಡಿಲ್ಲ. ಅದಕ್ಕೇ ಪೆನ್ಷನ್ ಕೊಟ್ರು."

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗದೆ ಅವನನ್ನೇ ನೋಡುತ್ತಾ ಕೂತವಳು ನನ್ನ ಮೊಮ್ಮಗಳು ಒಬ್ಬಳೇ. ಆಗ ಅವಳು ಗೂಡಲೂರಿನ ಕಾಲೇಜಿನಲ್ಲಿ ಕಡೆಯ ವರ್ಷದಲ್ಲಿದ್ದಳು. "ಹಂಗಾದ್ರೆ ಏನ್ ಮಾಡ್ತಿದ್ರಿ ಚಿಕ್ತಾತಾ?" ಎಂದು ಕೇಳಿದಳು. ಅವನು ಮೊದಲ ಸಲ ಬಾಯಿ ತುಂಬ ಮಾತಾಡಿದ್ದು ಆವತ್ತು.

"ಅಲ್ಲಿ ಒಲೆ ಅಂತ ಇದ್ಯಲ್ಲಮ್ಮಾ, ಅದನ್ನ ಆರಿಸಿದ ಮೇಲೂ ಬಿಸಿ ಹೋಗಲ್ಲ. ಕೆಂಡದ ಹಂಗೆ. ಅದರ ಮೇಲೆ ನೀರು ಹಾಯ್ತಾನೇ ಇರ್ಬೇಕು. ನೀರು ತಳ್ಳೋಕೆ ಮೋಟರು, ಮೋಟರಿಗೆ ವಯರು. ಒಂದು ಸಾಲು ಸುಟ್ರೂ ಇನ್ನೊಂದು ಸಾಲು ಉಳೀಲಿ ಅಂತ ಎರಡು ಕಡೆ ಹಾಕಿರ್ತಾರೆ, ನಡುವೆ ಗೋಡೆ. ಗೋಡೇಲಿ ಎಲ್ಲೋ ಒಂದು ತೂತು ಮುಚ್ಚೋದು ಬಿಟ್ಟಿರ್ತಾರೆ, ಒಂದು ಬಾಗಿಲು ಸರಿಯಾಗಿ ಹಾಕ್ತಿರಲ್ಲ, ಹೊಗೆ ಕಂಡರೆ ಕೂಗೋ ಮಿಷಿನ್ನು ಕೆಟ್ಟಿರ್ತದೆ. ಅದು ರಿಪೇರಿ ಆಗೋವರೆಗೂ ಅದರ ಬದಲು ಒಬ್ಬ ಮನುಷ್ಯ ಗಂಟೆಗೊಂದ್ಸಲ ಹೋಗಿ ನಿಂತು ನೋಡ್ಬೇಕು. ಆ ಮನುಷ್ಯ ನಾನು."

"ಕೈ ಹಿಂದುಗಡೆ ಯಾಕೆ ಮುಟ್ಟಿಸ್ತೀರಿ?"

"ಅಂಗೈ ಕೆಲಸ ಮಾಡಿ ಮಾಡಿ ಮರಗಟ್ಟಿರ್ತದೆ. ಹಿಂದುಗಡೆಗೆ ಇನ್ನೂ ಪ್ರಾಣ ಇದೆ. ಬಾಗಿಲು ಬಿಸಿ ಇದ್ರೆ ತೆಗೀಬಾರ್ದು. ಆ ಕಡೆ ಬೆಂಕಿ ಗಾಳಿಗೆ ಕಾಯ್ಕೊಂಡು ಕೂತಿರ್ತದೆ."

ಆವತ್ತಿನಿಂದ ಅವಳು ಅವನ ಹಿಂದೆ ಬಿದ್ದಳು. ಇಬ್ಬರೂ ಟಾರ್ಚು ಹಿಡಿದು ಮೀಟರ್ ಪೆಟ್ಟಿಗೆ ನೋಡುವುದೇನು, ಗ್ಯಾಸಿನ ಟ್ಯೂಬು ಬಗ್ಗಿಸಿ ಮೂಸುವುದೇನು. ಒಂದು ದಿನ ಅವಳು ಬಂದು, ಕೊಯಮತ್ತೂರಿನಲ್ಲಿ ಬೆಂಕಿ ಕಾಯುವ ಕೆಲಸಕ್ಕೆಂದೇ ಓದು ಇದೆಯಂತೆ, ಅದನ್ನು ಓದಿ ಚಿಕ್ಕತಾತ ಇದ್ದ ಕಡೆಗೇ ಅರ್ಜಿ ಹಾಕುತ್ತೇನೆ ಅಂದಳು. ಸೇರಲು ಒಂದೇ ತಿಂಗಳು ಉಳಿದಿತ್ತು. ಜೀಪು ಓಡಿಸುವ ನನ್ನ ಮಗ, "ಅಪ್ಪ ಹೂಂ ಅಂದ್ರೆ ನಂದೂ ಹೂಂ" ಅಂದ. ನಾನು ಊಹೂಂ ಅಂದೆ. ಬೆಂಕಿಯೂ ಬೇಡ, ಅಣುವೂ ಬೇಡ. ನನಗೆ ಇವನ ಲೆಕ್ಕಾಚಾರ ಈಗ ಹೊಳೆಯಿತು ಅನ್ನಿಸಿತು. ಮಕ್ಕಳಿಲ್ಲದವನು ನನ್ನ ಮೊಮ್ಮಗಳನ್ನು ನನ್ನಿಂದ ಬಿಡಿಸಿ ತನ್ನ ದಾರಿಗೆ ಎಳೆದುಕೊಳ್ಳಲಿಕ್ಕೇ ಬಂದಿದ್ದಾನೆ! ಅವಳು ಅತ್ತಳು. ನಾನು ಕರಗಲಿಲ್ಲ.

ಆಗಲೇ ಏಪ್ರಿಲ್ಲಿನಲ್ಲಿ ಒಂದು ಮಧ್ಯಾಹ್ನ ಹೇಳದೆ ಕೇಳದೆ ಆಲಿಕಲ್ಲು ಮಳೆ ಹೊಡೆಯಿತು.

ನಮ್ಮ ಕಡೆ ದನ ಸಾಕುವುದು ಹಾಲಿಗೆ ಎಷ್ಟೋ ಸಗಣಿಗೂ ಅಷ್ಟೇ. ಒಣಗಿಸಿ, ಪುಡಿ ಮಾಡಿ, ಮೂಟೆ ಕಟ್ಟಿಟ್ಟರೆ ಕೇರಳದ ತೋಟಗಳಿಗೆ ಲಾರಿಯಲ್ಲಿ ಹೋಗುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಹಲಗೆಯ ತಡಿಕೆಯ ಒಂದು ಕಡೆ ಹನ್ನೊಂದು ದನ, ಇನ್ನೊಂದು ಕಡೆ ಗೊಬ್ಬರದ ಮೂಟೆ. ಆ ಮಳೆಯಲ್ಲಿ ಅಂಗಳದಲ್ಲಿದ್ದ ಮೂಟೆಗಳು ನೆನೆದವು. ಬಾಚಿ ಒಳಗೆ ಹಾಕಿದೆವು. ಒಣಗಿದ್ದರ ನಡುವೆ ನೆನೆದದ್ದೂ ಸೇರಿಕೊಂಡು ಮಾಡಿನವರೆಗೆ ಪೇರಿಸಿ, ಇನ್ನೊಂದು ಮಳೆ ಬಂದರೆ ಎಂದು ತಗಡಿನ ಬಾಗಿಲು ಬಿಗಿಯಾಗಿ ಹಾಕಿದೆವು. ಎಂಟು ಹತ್ತು ದಿನವಾಗಿರಬಹುದು. ಷಡ್ಡಕ ಒಳಗೆ ಹೋಗಿ ಮೂಟೆಗಳ ಸಂದಿನಲ್ಲಿ ಕೈ ತೂರಿಸಿ ಬಂದ.

"ನಡುವೆ ಬಿಸಿ ಇದೆ ಅಣ್ಣಾ. ಇಳಿಸಿ ಹರಡಿಬಿಡೋಣ."

"ಸಗಣಿ ಬಿಸಿ ಇರದೆ ಐಸ್‌ಕ್ರೀಮ್ ಥರ ಇರ್ತದಾ? ಲಾರಿ ನಾಳಿದ್ದು ಬತ್ತದೆ. ಅಷ್ಟೂ ಮೂಟೆ ಇಳಿಸಿ ಮತ್ತೆ ಪೇರಿಸೋನು ಯಾರು, ನಿಮ್ಮ ಕಾರ್ಖಾನೆಯೋರಾ?"

ಅವನು ವಾದ ಮಾಡಲಿಲ್ಲ. ಒಂದು ರಟ್ಟಿಗೆ ಗೆರೆ ಹಾಕಿದ ಕಾಗದ ಅಂಟಿಸಿ, ದಾರದಲ್ಲಿ ಪೆನ್ಸಿಲ್ ಕಟ್ಟಿ, ಬಾಗಿಲ ಪಕ್ಕದ ಕಂಬಕ್ಕೆ ತೂಗುಹಾಕಿದ. "ಇಳಿಸಲ್ಲ ಅಂದ್ರೆ ನಾನು ಸುತ್ತು ಹಾಕ್ತೀನಿ" ಅಂದ. ಗಂಟೆಗೊಂದು ಸಲ ಬಾಗಿಲು ಮುಟ್ಟಿ, ಒಳಗೆ ಹೋಗಿ, ಕೈ ತೂರಿಸಿ, ಹೊರಗೆ ಬಂದು ಸಹಿ ಮಾಡುವುದು. ಮಾರನೆಯ ದಿನ ಅವನು ಕಣ್ಣು ತೋರಿಸಲು ಗೂಡಲೂರಿಗೆ ಹೋಗಲೇಬೇಕಿತ್ತು. ಹೋಗುವ ಮುಂಚೆ ನನ್ನ ಹತ್ತಿರ ಬಂದ.

"ಹತ್ತರಿಂದ ನಾಲ್ಕು ನೀನು ನೋಡ್ಕೋ ಅಣ್ಣಾ. ನಾಲ್ಕರ ಬಸ್ಸಿಗೆ ಬರ್ತೀನಿ. ನೋಡಿದ ಮೇಲೆ ಬರಿ. ಮೊದಲು ಬರೀಬೇಡ."

"ಕಾಡೇ ಕಾದೋನಿಗೆ ಕೊಟ್ಟಿಗೆ ಕಾಯೋದು ಹೇಳ್ಕೊಡ್ತೀಯಾ? ಹೋಗು ಹೋಗು."

ಹತ್ತು ಗಂಟೆಗೆ ಹೋದೆ. ಬಾಗಿಲು ಮುಟ್ಟಿದೆ, ಅಂಗೈಯಲ್ಲೇ. ಏನೂ ಗೊತ್ತಾಗಲಿಲ್ಲ. ಒಳಗೆ ಹೋಗಲಿಲ್ಲ. ಪೆನ್ಸಿಲ್ ಕೈಯಲ್ಲಿತ್ತು. ಹತ್ತರ ಗೆರೆಯಲ್ಲಿ ಹೆಸರು ಬರೆದೆ. ಕೆಳಗೆ ಆರು ಗೆರೆ ಬಿಳಿಯಾಗಿ ಬಿದ್ದಿದ್ದವು. ಗಂಟೆಗೊಂದು ಸಲ ಎದ್ದು ಬಂದು ಬರೆಯುವುದೇನು, ಜಗಲಿಯಲ್ಲಿ ಕೂತರೆ ಕೊಟ್ಟಿಗೆ ಎದುರಿಗೇ ಕಾಣುತ್ತದೆ, ಹೊಗೆ ಬಂದರೆ ನನಗೆ ಕಾಣದೇ? ಗುಡ್ಡದ ಮೇಲೆ ಕೂತು ಎರಡು ಮೈಲಿ ಆಚೆಯ ಹೊಗೆ ಕಂಡವನು ನಾನು. ಆರೂ ಗೆರೆಯಲ್ಲಿ ಒಂದೇ ಸಲ ನನ್ನ ಹೆಸರು ಬರೆದು, ಜಗಲಿಗೆ ಬಂದು ಕೂತೆ. ಬಿಸಿಲಿಗೆ ಕಣ್ಣು ಎಳೆಯಿತು.

"ತಾತಾ, ಗಂಟೆ ಎಷ್ಟು?"

ಮೊಮ್ಮಗಳು ಕೊಟ್ಟಿಗೆಯ ಕಂಬದ ಹತ್ತಿರ ನಿಂತು ಕೂಗುತ್ತಿದ್ದಳು. ದನಗಳಿಗೆ ನೀರಿಡಲು ಬಂದಿದ್ದಳು.

"ಹನ್ನೆರಡೂ ಕಾಲು" ಅಂದೆ.

"ನಿನ್ ಸಹಿ ಆಗ್ಲೇ ನಾಲ್ಕು ಗಂಟೆಗೆ ಹೋಗ್ಬುಟ್ಟಿದೆ!"

"ಏನಿಲ್ಲ ಹೋಗು, ನೋಡಿದೀನಿ ನಾನು."

ಅವಳು ನಂಬಲಿಲ್ಲ. ಬಿಂದಿಗೆ ಕೆಳಗಿಟ್ಟು, ಕೈ ಮಗುಚಿ, ಹಿಂಬದಿಯನ್ನು ತಗಡಿಗೆ ಮುಟ್ಟಿಸಿದಳು. ತಕ್ಷಣ ಕೈ ಎಳೆದುಕೊಂಡಳು.

"ಬಿಸಿ!"

"ತಗಡಲ್ವಾ, ಬಿಸಿಲಿಗೆ ಕಾದಿರ್ತದೆ."

"ಈ ಬಾಗಿಲಿಗೆ ಬಿಸಿಲು ಬೀಳೋದೇ ನಾಲ್ಕರ ಮೇಲೆ ತಾತಾ! ಎದ್ದೇಳು!"

ನಾನೇ ಆಗಿದ್ದರೆ ಬಾಗಿಲು ದಡಾರನೆ ಎಳೆಯುತ್ತಿದ್ದೆ. ಅವಳು ಎಳೆಯಲಿಲ್ಲ. ಹಿಂದುಗಡೆಯ ದನದ ಬಾಗಿಲಿನಿಂದ ಓಡಿ ಹೋಗಿ ದನಗಳ ಹಗ್ಗ ಬಿಚ್ಚಿ ಒಂದೊಂದನ್ನೇ ಹೊರಗೆ ಹೊಡೆದಳು. ಅಷ್ಟರಲ್ಲಿ ಹಿಂಬದಿಯ ಮಾಡಿನ ಸಂದಿನಿಂದ ಹೊಗೆ ಬರುತ್ತಿರುವುದು ನನಗೂ ಕಂಡಿತು. ಜಗಲಿಯಿಂದ ಅದು ಕಾಣುವ ಜಾಗವೇ ಅಲ್ಲ. ಕೂಗಿದೆ. ಬೀದಿಯವರು ಓಡಿ ಬಂದರು. ಒಬ್ಬ ಬಾಗಿಲಿಗೆ ಕೈ ಹಾಕಲು ಹೋದಾಗ ಅವಳು, "ತೆಗೀಬೇಡಿ ಮಾವಾ, ಮೊದ್ಲು ನೀರು ಬರ್ಲಿ" ಎಂದು ಅಡ್ಡ ನಿಂತಳು. ಟ್ಯಾಂಕಿನ ಪೈಪು ಎಳೆದು ತಂದು, ಮಾಡಿನ ಮೇಲಿನಿಂದ ನೀರು ಬಿಟ್ಟು, ಬದಿಗೆ ನಿಂತು ಕೋಲಿನಲ್ಲಿ ಬಾಗಿಲು ನೂಕಿದರು. ಭುಸ್ ಎಂದು ಒಂದು ನಾಲಿಗೆ ಬೆಂಕಿ ಆಳೆತ್ತರ ಹೊರಗೆ ಬಂದು, ಎದುರಿಗೆ ಯಾರೂ ಸಿಕ್ಕದೆ, ಒಳಗೆ ಹೋಯಿತು. ಮೂಟೆಗಳ ನಡುವೆ ಕೆಂಪಗೆ ಕೆಂಡ. ಅರ್ಧ ಮಾಡು ಹೋಯಿತು, ಗೊಬ್ಬರ ಹೋಯಿತು. ದನ ಒಂದೂ ಹೋಗಲಿಲ್ಲ.

ನಾಲ್ಕರ ಬಸ್ಸಿಗೆ ಅವನು ಬಂದ. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಕಪ್ಪು ಕನ್ನಡಕ ಹಾಕಿದ್ದ. ಅಂಗಳದ ತುಂಬ ಜನ, ಕಪ್ಪು ನೀರು, ವಾಸನೆ. "ಯಾರಿಗೂ ಏನೂ ಆಗಿಲ್ವಾ?" ಎಂದು ಮೊದಲು ಕೇಳಿದ. ಇಲ್ಲವೆಂದು ತಿಳಿದ ಮೇಲೆ, "ರಟ್ಟು ಎಲ್ಲಿ?" ಅಂದ.

ಆ ರಟ್ಟೂ ಸುಟ್ಟುಹೋಗಿರಲಿ ದೇವರೇ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅದು ಕಂಬದಲ್ಲೇ ನೇತಾಡುತ್ತಿತ್ತು, ಒಂದು ಮೂಲೆ ಮಾತ್ರ ಕಂದಾಗಿತ್ತು. ಅವನು ಕನ್ನಡಕ ಹಣೆಗೇರಿಸಿ, ಕಣ್ಣು ಕಿರಿದು ಮಾಡಿ, ಬೆರಳಿಟ್ಟು ಒಂದೊಂದೇ ಗೆರೆ ಓದಿದ. ಹತ್ತರಿಂದ ನಾಲ್ಕರವರೆಗೆ. ಆಮೇಲೆ ನನ್ನ ಕಡೆ ನೋಡಿದ. ಜನ ಕೇಳುತ್ತಿದ್ದರು, "ಯಾರು ಕಾಯ್ತಿದ್ರು? ಯಾರು ನೋಡ್ಕತಿದ್ರು?" ಹಾಲಿನ ಡೈರಿಯವನಂತೂ, "ಇವ್ರೇ ಏನೋ ಮಾಡಿಟ್ಟು ಗೂಡಲೂರಿಗೆ ಹೋದ್ರಾ ಅಂತ" ಎಂದು ಅವನ ಎದುರೇ ಅಂದುಬಿಟ್ಟ. ಷಡ್ಡಕ ರಟ್ಟನ್ನು ಕಂಕುಳಲ್ಲಿಟ್ಟುಕೊಂಡು ತನ್ನ ಕೋಣೆಗೆ ಹೋದ. ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು.

ನಾನು ಅವನ ಹಿಂದೆಯೇ ಹೋದೆ. ಬೈಯಲಿ, ಹೊಡೆಯಲಿ ಅಂದುಕೊಂಡು ಹೋದೆ. ಅವನು ಮಂಚದ ಮೇಲೆ ಕೂತು ನನಗೆ ಕುರ್ಚಿ ತೋರಿಸಿದ.

"ನಾನೂ ಒಂದ್ಸಲ ಮಾಡಿದೀನಿ ಅಣ್ಣಾ" ಅಂದ.

ಕೆಲಸಕ್ಕೆ ಸೇರಿದ ಹೊಸದರಲ್ಲಂತೆ. ಒಂದು ವಯರಿನ ಕೋಣೆ, ಮೂರು ಮಹಡಿ ಇಳಿದು ಹೋಗಬೇಕು. ಕಾಲು ನೋವು. ಹೋದ ಗಂಟೆ ಏನೂ ಇರಲಿಲ್ಲ, ಈ ಗಂಟೆ ಏನಿರುತ್ತದೆ ಎಂದು ಮೇಲೆಯೇ ಕೂತು ಸಹಿ ಮಾಡಿದ. ಏನೂ ಆಗಲಿಲ್ಲ. ಯಾರಿಗೂ ತಿಳಿಯಲಿಲ್ಲ.

"ಏನೂ ಆಗಲಿಲ್ಲವಲ್ಲ, ಅದೇ ನನ್ನ ಹೆದರಿಸ್ತು. ಅಷ್ಟು ಸುಲಭ ಅದು. ಬೆಳಿಗ್ಗೆ ಹೋಗಿ ಮೇಲಿನೋರಿಗೆ ನಾನೇ ಹೇಳ್ದೆ. ಮೂರು ತಿಂಗಳು ಗೇಟಲ್ಲಿ ನಿಲ್ಲಿಸಿದ್ರು. ಅವತ್ತಿಂದ ನನಗೆ ನನ್ನ ಮೇಲೇ ಅನುಮಾನ. ಬೀದೀಲಿ ಸುಮ್ಮನೆ ನಡೀತೀನಲ್ಲ, ಬರೀತೀನಲ್ಲ, ನಿಮ್ಮನ್ನ ಕಾಯೋಕಲ್ಲ. ನಾನು ಇನ್ನೂ ಎದ್ದು ಹೋಗ್ತೀನಾ ಅಂತ ನೋಡ್ಕೊಳ್ಳೋಕೆ."

ರಟ್ಟನ್ನು ನನ್ನ ಕೈಗೆ ಕೊಟ್ಟ. "ನಾನು ಯಾರಿಗೂ ಹೇಳಲ್ಲ. ಕೇಳಿದ್ರೆ ಸುಳ್ಳೂ ಹೇಳಲ್ಲ. ನೀನೇ ನೋಡ್ಕೋ" ಅಂದ.

ನಾನು ಅಂಗಳಕ್ಕೆ ಬಂದೆ. ಜನ ಇನ್ನೂ ಕರಗಿರಲಿಲ್ಲ. ರಟ್ಟು ಎತ್ತಿ ಹಿಡಿದು, "ಕಾಯ್ತಿದ್ದೋನು ನಾನು. ನೋಡ್ದೇನೇ ನೋಡಿದೀನಿ ಅಂತ ಬರೆದೋನೂ ನಾನು. ನನ್ನ ಷಡ್ಡಕನ್ನ ಯಾರೂ ಏನೂ ಅನ್ಬೇಡಿ" ಅಂದೆ. ನನ್ನ ಜೀವಮಾನದಲ್ಲಿ ಅಷ್ಟು ಜನದ ಮುಂದೆ ನಾನು ಮಾತಾಡಿದ್ದೇ ಇಲ್ಲ. ಆಮೇಲೆ ಮೊಮ್ಮಗಳನ್ನು ಕರೆದು, "ಕೊಯಮತ್ತೂರಿಗೆ ಏನೇನು ಕಾಗದ ಬೇಕು, ತಗಂಬಾ" ಅಂದೆ. ಅವಳು ನನ್ನನ್ನು ಅಪ್ಪಿಕೊಂಡಳು, ಮಸಿಯೆಲ್ಲ ನನ್ನ ಬಿಳಿ ಅಂಗಿಗೆ ಆಯಿತು. ಆ ಅಂಗಿಯನ್ನು ಹಾಗೇ ಇಟ್ಟಿದ್ದೇನೆ.

ಮಾರನೆಯ ದಿನ ನನ್ನ ಹೆಂಡತಿ ಅವನಿಗೆ ನಮ್ಮ ಲೋಟದಲ್ಲೇ ಕಾಫಿ ಕೊಟ್ಟಳು. ಅವನು ಲೋಟವನ್ನು ತಿರುಗಿಸಿ ನೋಡಿ ನಕ್ಕ.

"ಅತ್ತಿಗೆ, ನೀವು ಬೇರೆ ಇಟ್ಟಿದ್ದು ತಪ್ಪಲ್ಲ. ಅಲ್ಲೂ ನಮ್ಮನ್ನ ನಂಬ್ತಿರಲಿಲ್ಲ, ದಿನಾ ಮೈಯೆಲ್ಲ ಮಿಷಿನ್ನಲ್ಲಿ ನೋಡಿ, ಏನೂ ಇಲ್ಲ ಅಂದ ಮೇಲೇ ಹೊರಗೆ ಬಿಡ್ತಿದ್ರು. ಅನುಮಾನ ಬರ್ಲಿ. ಆದ್ರೆ ಬಂದ ಮೇಲೆ ಎದ್ದು ಹೋಗಿ ನೋಡ್ಬೇಕು, ಕೇಳ್ಬೇಕು. ಕೂತಲ್ಲೇ ಅನುಮಾನಪಟ್ರೆ ಅದರಿಂದ ಯಾರಿಗೂ ಉಪಯೋಗ ಇಲ್ಲ."

ನನ್ನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಬಂದಾಗಿನಿಂದ ಮೂರು ವರ್ಷ, ನಾವು ಕೇಳಲಿ ಎಂದು ಅವನು ಕಾದಿದ್ದ, ನಾವು ಕೇಳಿರಲಿಲ್ಲ.

ಹೊಸ ಮಾಡು ಹಾಕಿದ ಮೇಲೆ ಆ ರಟ್ಟಿಗೆ ಹೊಸ ಕಾಗದ ಅಂಟಿಸಿ ಮತ್ತೆ ಅದೇ ಕಂಬಕ್ಕೆ ತೂಗುಹಾಕಿದೆ. ಬೆಳಿಗ್ಗೆಯ ಗೆರೆಗಳು ನನಗೆ, ಮಧ್ಯಾಹ್ನದ ಗೆರೆಗಳು ಅವನಿಗೆ. ಊರಿನವರಿಗೂ ಅಭ್ಯಾಸವಾಯಿತು. ಎದುರು ಮನೆಯಾಕೆ ತಾನೇ ಬಾಗಿಲ ಕಲ್ಲು ತೆಗೆದಿಟ್ಟು, "ತೆಗ್ದಿದೀನಿ ಕಣಪ್ಪಾ, ಒದೀಬೇಡ" ಎಂದು ಕೂಗುತ್ತಿದ್ದಳು. ಮೊಮ್ಮಗಳು ಕೊಯಮತ್ತೂರಿನಿಂದ ಫೋನು ಮಾಡಿದರೆ ನಮ್ಮ ಜೊತೆ ಎರಡು ನಿಮಿಷ, ಅವನ ಜೊತೆ ಅರ್ಧ ಗಂಟೆ. ನನಗೆ ಹೊಟ್ಟೆಕಿಚ್ಚು ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೋದ ಆಷಾಢದಲ್ಲಿ ಒಂದು ಮಧ್ಯಾಹ್ನ ಅವನು ಊಟ ಮಾಡಿ ಮಂಚದ ಮೇಲೆ ಒರಗಿದವನು ಏಳಲಿಲ್ಲ. ಎದೆ ನಿಂತುಹೋಯಿತು ಎಂದು ಡಾಕ್ಟರು ಹೇಳಿದರು. ಎಷ್ಟು ಹೊತ್ತಿಗೆ ಹೋದದ್ದು ಎಂದು ಅವರು ಕೇಳಿದಾಗ ಯಾರಿಗೂ ತಿಳಿಯಲಿಲ್ಲ. ನಾನು ಕೊಟ್ಟಿಗೆಗೆ ಹೋಗಿ ರಟ್ಟು ನೋಡಿ ಬಂದೆ. ಎರಡು ಗಂಟೆಯ ಗೆರೆಯಲ್ಲಿ ಅವನ ಚಿಕ್ಕ ಸಹಿ ಇತ್ತು. ಮೂರರ ಗೆರೆ ಖಾಲಿ. "ಎರಡರ ಮೇಲೆ, ಮೂರರ ಒಳಗೆ" ಎಂದು ಹೇಳಿದೆ. ಡಾಕ್ಟರು ಅದನ್ನೇ ಬರೆದುಕೊಂಡರು. ಆ ಮೂರರ ಗೆರೆಯನ್ನು ನಾನು ತುಂಬಲಿಲ್ಲ. ನಾಲ್ಕಕ್ಕೆ ಎದ್ದು ಹೋಗಿ, ಬಾಗಿಲು ಮುಟ್ಟಿ, ಒಳಗೆ ಕೈ ತೂರಿಸಿ, ನಾಲ್ಕರ ಗೆರೆಯಲ್ಲಿ ನನ್ನ ಹೆಸರು ಬರೆದೆ.

ಇಷ್ಟು ಬರೆದು ನಿಲ್ಲಿಸಿದ್ದೆ. ಊಟವಾದ ಮೇಲೆ ಇನ್ನೊಂದಿಷ್ಟು ಸೇರಿಸುತ್ತಿದ್ದೇನೆ.

ಇವತ್ತು ಸಂಜೆ ಬೇಗನೇ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮಗ ಜೀಪಿನ ಬಾಡಿಗೆ ಬಿಟ್ಟು ಬಂದಿದ್ದ. ಸೊಸೆ ಕೋಳಿ ಸಾರು, ಮುದ್ದೆ, ಶಾವಿಗೆ ಪಾಯಸ ಮಾಡಿದ್ದಳು. ನನ್ನ ಹೆಂಡತಿ ಅಂಚು ಸೊಟ್ಟಾದ ಆ ಲೋಟವನ್ನು ಎಲ್ಲಿಂದಲೋ ಹುಡುಕಿ, ಬೆಳಗಿ, ತನ್ನ ಎಲೆಯ ಪಕ್ಕ ನೀರು ತುಂಬಿಸಿ ಇಟ್ಟುಕೊಂಡಿದ್ದಳು. ನಾನು ಮುದ್ದೆಗೆ ಕೈ ಹಾಕಬೇಕು, ಆಗ ಮೊಮ್ಮಗಳು 'ತಾತಾ' ಅಂದಳು.

"ಆರು ಗಂಟೆ ಸುತ್ತು?"

"ಆಯ್ತು."

"ಒಳಗೆ ಕೈ ಹಾಕಿ ನೋಡ್ದ್ಯಾ?"

"ನೋಡ್ದೆ ಕಣವ್ವಾ. ತಣ್ಣಗದೆ. ಉಣ್ಣು."

ಅವಳು ನನ್ನ ಮುಖ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಅದು ಅವನದೇ. ಎಲೆಯ ಮುಂದಿನಿಂದ ಎದ್ದಳು. "ಅನ್ನದ ಮುಂದಿಂದ ಏಳ್ತಾರಾ ಯಾರಾದ್ರೂ? ಇವತ್ತೊಂದು ದಿನ ತಾತನ್ನ ನಂಬೇ" ಎಂದು ಸೊಸೆ ಕೂಗಿದಳು. ಮೊಮ್ಮಗಳು ನಿಲ್ಲಲಿಲ್ಲ. ಹಿತ್ತಲ ಬಾಗಿಲಿನ ಸದ್ದು, ಆಮೇಲೆ ಕೊಟ್ಟಿಗೆಯ ತಗಡಿನ ಸದ್ದು ಕೇಳಿಸಿತು. ನಾವು ಯಾರೂ ತುತ್ತು ಎತ್ತದೆ, ಸಾರು ಆರುತ್ತಿದ್ದರೂ ಕಾದು ಕೂತೆವು. ಮಗ ನನ್ನ ಕಡೆ ನೋಡಿ, "ಬೇಜಾರಾಯ್ತೇನಪ್ಪಾ?" ಅಂದ. ಬೇಜಾರೇ? ನನಗೆ ಎದೆಯಲ್ಲಿ ಹಿಡಿಸಲಾರದಷ್ಟು ಸಂತೋಷವಾಗಿತ್ತು. ನಾನು ನಿಜವಾಗಿಯೂ ನೋಡಿ ಬಂದಿದ್ದೆ. ಆದರೂ ಸ್ವಂತ ತಾತನ ಮಾತನ್ನೂ ನಂಬದೆ ಎದ್ದು ಹೋದಳಲ್ಲ!

ಅವಳು ಬಂದು ಕೈ ತೊಳೆದು ಕೂತಳು.

"ತಣ್ಣಗಿದೆ" ಅಂದಳು.

ಎಲ್ಲರೂ ಉಂಡೆವು.